ಟಿ ಕೋಶಕ್ಕೆ ಬೀಗ ಒಂದೇ ಅಲ್ಲ

ಮಾನ್ಯರೇ,

ಕಳೆದ ವಾರದ ವಿಜ್ಞಾನ ಪುಟದಲ್ಲಿ, ರೋಗ ತಗುಲಿದ ಜೀವಕೋಶಗಳನ್ನು ಗುರುತಿಸುವ ಬಿಳಿ ರಕ್ತಕಣವಾದ ಟಿ ಕೋಶವನ್ನು ಬೀಗಕ್ಕೆ ತಕ್ಕ ಕೀಲಿಗೆ ಹೋಲಿಸಿದ್ದಿರಿ. ಇನ್ನು ಮುಂದೆ ಆ ಕೀಲಿಯನ್ನು ಕಂಪ್ಯೂಟರೇ ಹುಡುಕಿಕೊಡುತ್ತದೆ ಎಂದೂ ಬರೆದಿದ್ದಿರಿ. 31 ವರ್ಷ ಪಿಯು ಮಕ್ಕಳಿಗೆ ನಾನೂ ಇದೇ ಹೋಲಿಕೆ ಹೇಳಿಕೊಟ್ಟೆ. ಅದು ಸರಿಯಲ್ಲ.

ಜೀವಕೋಶ ತನ್ನೊಳಗಿನ ಪ್ರೋಟೀನನ್ನು ಕತ್ತರಿಸಿ, ಸಾಮಾನ್ಯವಾಗಿ 9 ಅಮೈನೊ ಆಮ್ಲಗಳ ಒಂದು ತುಣುಕನ್ನು, ವ್ಯಕ್ತಿಯಿಂದ ವ್ಯಕ್ತಿಗೆ ಬಗೆ ಬದಲಾಗುವ ಎಚ್‌ಎಲ್‌ಎ ಎಂಬ ಅಣುವಿನ ಸೀಳಿನಲ್ಲಿಟ್ಟು ಹೊರಗೆ ತೋರಿಸುತ್ತದೆ. ಅದೇ ಪೆಪ್ಟೈಡ್; ಟಿ ಕೋಶ ಗುರುತಿಸಬೇಕಾದ ಬೀಗ ಇದೇ. 20 ಬಗೆಯ ಅಮೈನೊ ಆಮ್ಲಗಳಿಂದ ಇಂಥ 51,200 ಕೋಟಿ ತುಣುಕುಗಳಾಗಬಹುದು. ಒಂದೊಂದಕ್ಕೂ ಒಂದೊಂದು ಬಗೆಯ ಟಿ ಕೋಶ ಮೀಸಲಿಡುವುದು ಆಗದ ಮಾತು. ಒಂದೇ ಟಿ ಕೋಶ ಹತ್ತು ಲಕ್ಷಕ್ಕೂ ಹೆಚ್ಚು ಪೆಪ್ಟೈಡ್‌ಗಳಿಗೆ ಸ್ಪಂದಿಸಬಲ್ಲದು ಎಂದು 1998ರಲ್ಲೇ ರೋಗನಿರೋಧಕ ವಿಜ್ಞಾನಿ ಡಾನ್ ಮೇಸನ್ ಲೆಕ್ಕ ಹಾಕಿದ್ದರು.

ಇದು ಬರಿಯ ಪಾಠದ ವಿಷಯವಲ್ಲ. ಅಮೆರಿಕದಲ್ಲಿ ಮೇಜ್-ಎ3 ಎಂಬ ಕ್ಯಾನ್ಸರ್ ಪ್ರೋಟೀನಿನ ಪೆಪ್ಟೈಡ್ ಹಿಡಿಯಲೆಂದು ಮಾರ್ಪಡಿಸಿದ ಟಿ ಕೋಶಗಳನ್ನು ಪಡೆದ ಇಬ್ಬರು ರೋಗಿಗಳು ಕೆಲವೇ ದಿನಗಳಲ್ಲಿ ಹೃದಯ ಸೋತು ತೀರಿಕೊಂಡರು. ಆ ಕೋಶಗಳು ಹೃದಯ ಸ್ನಾಯುವಿನ ಟೈಟಿನ್ ಪ್ರೋಟೀನಿನ ಪೆಪ್ಟೈಡನ್ನೂ ಶತ್ರುವೆಂದೇ ಬಗೆದಿದ್ದವು. 2013ರಲ್ಲಿ ಇದು ಪ್ರಕಟವಾಯಿತು. ಎರಡು ಪೆಪ್ಟೈಡ್‌ಗಳಲ್ಲಿ ಒಂಬತ್ತರ ಪೈಕಿ ಐದು ಸ್ಥಾನಗಳಷ್ಟೇ ಒಂದೇ ಥರ! ಮೊದಲಿನ ಪರೀಕ್ಷೆಗಳಲ್ಲಿ ಇದರ ಸುಳಿವೇ ಸಿಕ್ಕಿರಲಿಲ್ಲ.

ಇಂಥದ್ದನ್ನು ಮೊದಲೇ ಹೇಳಬಲ್ಲ ಕಂಪ್ಯೂಟರ್ ಮಾದರಿ ಬೇಕೇ ಬೇಕು. ಡೆನ್ಮಾರ್ಕಿನ ನೆಟ್‌ಎಂಎಚ್‌ಸಿಪ್ಯಾನ್ ಯಾವ ಪೆಪ್ಟೈಡ್ ಯಾವ ಎಚ್‌ಎಲ್‌ಎಯಲ್ಲಿ ಕೂರುತ್ತದೆಂದು ಚೆನ್ನಾಗಿಯೇ ಊಹಿಸುತ್ತದೆ. ಕೂತದ್ದನ್ನು ಯಾವ ಟಿ ಕೋಶ ಗುರುತಿಸೀತು ಎಂದು ಕೇಳಿದರೆ, ಹಿಂದೆ ಕಾಣದ ಪೆಪ್ಟೈಡ್ ಮುಂದೆ ಮಾದರಿಗಳು ತಡವರಿಸುತ್ತವೆ. ಅವು ಕಲಿತ ದತ್ತಾಂಶವೇ ಕಡಿಮೆ. ಅದರಲ್ಲೂ ದೊಡ್ಡ ಪಾಲು, ಯುರೋಪ್ ಮೂಲದವರಲ್ಲಿ ಹೆಚ್ಚಾಗಿರುವ ಎ-02:01 ಎಂಬ ಒಂದೇ ಎಚ್‌ಎಲ್‌ಎಯದು.

ತಮ್ಮನಿಗೆ ಅಸ್ಥಿಮಜ್ಜೆ ಕೊಡಲೆಂದು ಮಾಡಿಸಿದ ನನ್ನ ಎಚ್‌ಎಲ್‌ಎ ವರದಿ ಇನ್ನೂ ಬೀರುವಿನಲ್ಲಿದೆ: ಎ-24:02, ಎ-33:03. ಅವನಿಗೆ ಹೊಂದಲಿಲ್ಲ. ಅವನು ಉಳಿಯಲೂ ಇಲ್ಲ. ಎ-33:03 ನಮ್ಮ ದೇಶದಲ್ಲಿ ಅಪರೂಪವೇನಲ್ಲ. ನಮ್ಮ ಸಂಶೋಧಕರು ಕಸಿಗಾಗಿ ಇಂಥ ಪರೀಕ್ಷೆ ಮಾಡಿಸಿಕೊಂಡವರ ಒಪ್ಪಿಗೆ ಪಡೆದು, ನಮ್ಮವರ ಟಿ ಕೋಶಗಳ ಮೇಲೆ ಪ್ರಯೋಗ ನಡೆಸಿ, ಸ್ಪಂದಿಸಿದ್ದನ್ನೂ ಸ್ಪಂದಿಸದ್ದನ್ನೂ ಎರಡನ್ನೂ ದಾಖಲಿಸಲಿ. ಬೆಂಗಳೂರಿನ ಸಂಶೋಧಕರು ಕರೆದರೆ ರಕ್ತ ಕೊಡಲು ಸಾಗರದಿಂದ ಬಸ್ಸು ಹತ್ತಿ ಬರುತ್ತೇನೆ.

ನಿವೃತ್ತ ಜೀವಶಾಸ್ತ್ರ ಉಪನ್ಯಾಸಕಿ, ಸಾಗರ