ಬಫಲೋದ ಹಳೇ ಮನೆಗೆ ಹೀಟರ್ ಕೊಳ್ಳುವ ಮೊದಲು

ಪ್ರೀತಿಯ ಪುಟ್ಟಾ,

ನೀನು ಮನೆ ತೆಗೆದುಕೊಂಡೆ ಅಂತ ನಿಮ್ಮಮ್ಮ ಹೇಳಿದಾಗ ತುಂಬಾ ಖುಷಿಯಾಯಿತು. ಆದರೆ 1920ರ ಸುಮಾರಿನ ಮರದ ಮನೆ, ಮನೆ ಕಾಯಿಸುವ ಹಳೇ ಬಾಯ್ಲರ್ ಕಿತ್ತಾಗಿದೆ, ಹೊಸದು ಬರುವುದು ಫೆಬ್ರವರಿಗೆ, ಅಲ್ಲಿಯವರೆಗೆ ಶನಿವಾರ ಭಾನುವಾರ ಅಲ್ಲೇ ಇದ್ದು ಕೆಲಸ ಮಾಡುತ್ತೇನೆ ಅಂತ ನೀನು ಬರೆದದ್ದು ಓದಿ ಸುಮ್ನೆ ಕೂರಲು ಆಗಲಿಲ್ಲ. ನಿನ್ನ ಬಫಲೋ ಊರಿರುವ ಇದೇ ಈರಿ ಸರೋವರದ ದಡದಲ್ಲಿ, ಕ್ಲೀವ್‌ಲ್ಯಾಂಡ್‌ನಲ್ಲಿ, ಎಷ್ಟೋ ಚಳಿಗಾಲ ಕಳೆದವನು ನಾನು. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಯಾವ ಹೀಟರ್ ತಗೊಳ್ಳಲಿ ಅಂತ ಕೇಳಿದ್ದೀಯ. ಮೊದಲು ಯಾವುದು ಬೆಚ್ಚಗಿರಬೇಕು ಅಂತ ಯೋಚಿಸು. ಇಡೀ ಮನೆ ಕಾಯಿಸಲು ಹೋಗಬೇಡ, ಅದು ಆಗದ ಕೆಲಸ. ಆ ಕಾಲದ ಎಷ್ಟೋ ಮನೆಗಳಲ್ಲಿ ಗೋಡೆಯೊಳಗಿನ ಟೊಳ್ಳು ಬೇಸ್‌ಮೆಂಟಿನಿಂದ ಅಟ್ಟದವರೆಗೆ ಒಂದೇ ಸಮ ಹೋಗಿರುತ್ತದೆ, ಬಲೂನ್ ಫ್ರೇಮ್ ಅನ್ನುತ್ತಾರೆ. ಬಿಸಿ ಗಾಳಿ ಅದರಲ್ಲಿ ಮೇಲೇರಿ ಹೊರಗೆ ಹೋಗುತ್ತದೆ, ಕೆಳಗಿನಿಂದ ತಣ್ಣನೆಯ ಗಾಳಿ ಒಳಗೆ ಬರುತ್ತದೆ. ಬೆಂಕಿ ಬಿದ್ದರೂ ಅದೇ ದಾರಿ ಹಿಡಿಯುತ್ತದೆ. ನಿನ್ನ ಮನೆಯೂ ಹಾಗೇ ಇದ್ದರೆ, ಪ್ಲಾಸ್ಟರ್ ಕಿತ್ತಿರುವ ಈಗಲೇ ಪ್ರತಿ ಮಹಡಿಯ ಮಟ್ಟದಲ್ಲಿ ಮರದ ತುಂಡು ಹೊಡೆಸಿ ಆ ಟೊಳ್ಳು ಮುಚ್ಚಿಸು. ಹೀಟರಿಗೆ ಹಾಕುವ ದುಡ್ಡಿಗಿಂತ ಇದಕ್ಕೆ ಹಾಕಿದ ದುಡ್ಡು ಜಾಸ್ತಿ ಕೆಲಸ ಮಾಡುತ್ತದೆ. ಆಮೇಲೆ ಒಂದೇ ಕೋಣೆ ಆರಿಸಿಕೋ. ಬಾಗಿಲಿಗೆ, ಮೆಟ್ಟಿಲ ಬಾಯಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಕಟ್ಟು. ಆ ಕೋಣೆ ಮುಗಿದ ಮೇಲೆ ಮುಂದಿನದು.

ಇನ್ನು ಕರೆಂಟ್ ಹೀಟರ್. ಅಂಗಡಿಯಲ್ಲಿ 30 ಡಾಲರಿನದೂ ಇರುತ್ತದೆ, 300 ಡಾಲರಿನದೂ ಇರುತ್ತದೆ. ಎರಡರ ಮೇಲೂ 1500 ವ್ಯಾಟ್ ಅಂತಲೇ ಇದ್ದರೆ ಎರಡೂ ಕೊಡುವ ಶಾಖ ಒಂದೇ, ಗಂಟೆಗೆ ಸುಮಾರು 5,100 ಬಿಟಿಯು (ಇಲ್ಲಿ ಶಾಖ ಅಳೆಯುವ ಲೆಕ್ಕ). ದುಬಾರಿ ಡಬ್ಬಿಗೆ ಮರುಳಾಗಬೇಡ. ರಾತ್ರಿ ಕೋಣೆ ಬೆಚ್ಚಗಿಡಲು ಎಣ್ಣೆ ತುಂಬಿದ ರೇಡಿಯೇಟರ್ ಒಳ್ಳೆಯದು. ನಿಂತು ಕೆಲಸ ಮಾಡುವ ಕಡೆ ಇನ್‌ಫ್ರಾರೆಡ್ ಹೀಟರ್ ಒಳ್ಳೆಯದು, ಯಾಕೆಂದರೆ ಅದು ಗಾಳಿಯನ್ನಲ್ಲ, ನೇರ ನಿನ್ನ ಮೈಯನ್ನು ಕಾಯಿಸುತ್ತದೆ. ಫ್ಯಾನ್ ಇರುವುದು ಬೇಡ. ಅಷ್ಟು ಹಳೇ ಮನೆಯ ಬಣ್ಣದಲ್ಲಿ ಸೀಸ ಇದ್ದೇ ಇರುತ್ತದೆ ಅಂದುಕೋ, ಆ ಧೂಳನ್ನು ಅದು ಮನೆಯೆಲ್ಲ ಹರಡುತ್ತದೆ.

ಇಲ್ಲಿನ 120 ವೋಲ್ಟಿನಲ್ಲಿ 1500 ವ್ಯಾಟ್ ಅಂದರೆ 12.5 ಆಂಪ್. 15 ಆಂಪ್ ಬ್ರೇಕರಿನ ಮೇಲೆ ಅದೊಂದೇ ಇರಬೇಕು, ಗರಗಸವೂ ಕಾಫಿ ಮೇಕರೂ ಅದೇ ಸಾಲಿನಲ್ಲಿ ಬೇಡ. ಎಕ್ಸ್‌ಟೆನ್ಶನ್ ವೈರ್ ಬೇಡವೇ ಬೇಡ. ಸುತ್ತ 3 ಅಡಿ ಏನೂ ಇರಬಾರದು. ಎಲ್ಲಕ್ಕಿಂತ ಮುಖ್ಯ, ಬೇಸ್‌ಮೆಂಟಿನ ತೊಲೆಗಳನ್ನು ನೋಡು. ಬಿಳಿ ಪಿಂಗಾಣಿ ಗುಬ್ಬಿಗಳ ಮೇಲೆ ಒಂಟಿ ವೈರ್ ಎಳೆದಿದ್ದರೆ ಅದು ಹಳೇ ಕಾಲದ ವೈರಿಂಗ್. ಅದಕ್ಕೆ ಹೀಟರ್ ಚುಚ್ಚಬೇಡ. ಎಲೆಕ್ಟ್ರಿಷಿಯನ್ ಕರೆಸಿ, ಬ್ರೇಕರುಗಳಿರುವ ಪ್ಯಾನಲಿನಿಂದ ನೇರ ಎರಡು ಹೊಸ ಸಾಲು ಎಳೆಸು.

ಪ್ರೊಪೇನ್ ಗ್ಯಾಸ್ ಉರಿಸಿ ಬಿಸಿ ಗಾಳಿ ಊದುವ ಟಾರ್ಪಿಡೋ ಹೀಟರ್ ಅಗ್ಗ ಅಂತ ಕಂಟ್ರಾಕ್ಟರ್ ಹೇಳಿದ್ದಾನಲ್ಲ, ಶಾಖದ ಲೆಕ್ಕದಲ್ಲಿ ಅವನು ಹೇಳಿದ್ದು ಸುಳ್ಳಲ್ಲ. 20 ಪೌಂಡಿನ ಸಿಲಿಂಡರಿನಲ್ಲಿ ಸುಮಾರು 4,30,000 ಬಿಟಿಯು ಇರುತ್ತದೆ. ಆದರೆ ಅಷ್ಟು ಗ್ಯಾಸ್ ಉರಿದರೆ ಸುಮಾರು 15 ಲೀಟರ್ ನೀರು ಆವಿಯಾಗಿ ನಿನ್ನ ಕೋಣೆಯೊಳಗೇ ಬರುತ್ತದೆ. ತಣ್ಣನೆಯ ಗೋಡೆ, ಕಿಟಕಿಗೆ ಅದು ಬೆವರಾಗಿ ಕೂತರೆ ಹೊಸ ಡ್ರೈವಾಲ್ (ಗೋಡೆಗೆ ಹೊಡೆಯುವ ಜಿಪ್ಸಮ್ ಹಲಗೆ) ಹಾಳು. ಹೋಗಲಿ, ಗೋಡೆ ಇನ್ನೊಂದು ಕಟ್ಟಬಹುದು. ನನಗೆ ಹೆದರಿಕೆ ಇರುವುದು ಕಾರ್ಬನ್ ಮಾನಾಕ್ಸೈಡಿನದು. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ರಕ್ತಕ್ಕೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಂತಿ ಬಂದಹಾಗಾಗುವುದು, ಮಂಪರು, ಆಮೇಲೆ ಎದ್ದು ಹೊರಗೆ ಹೋಗಬೇಕು ಅನ್ನುವುದೇ ಹೊಳೆಯುವುದಿಲ್ಲ. ಊರಲ್ಲಿ ಮಳೆಗಾಲ ಪೂರ್ತಿ ಬಚ್ಚಲೊಲೆ ಮುಂದೆ ಕೂರುತ್ತಿದ್ದೆವಲ್ಲ, ಏನಾಯಿತು ಅಂತ ನೀನು ಕೇಳಬಹುದು. ಅಲ್ಲಿ ಹೆಂಚಿನ ಸಂದಿಯಿಂದ ಹೊಗೆ ಹೋಗುತ್ತಿತ್ತು. ಇಲ್ಲಿ ನೀನು ಪ್ಲಾಸ್ಟಿಕ್ ಕಟ್ಟಿ ಎಲ್ಲ ಸಂದಿ ಮುಚ್ಚುತ್ತೀಯ, ಅದೇ ಕೋಣೆಯಲ್ಲಿ ಉರಿ ಹಾಕಬಾರದು, ಅಲ್ವಾ? ಇದ್ದಿಲಂತೂ ಒಳಗೆ ತರಲೇಬೇಡ. "ಮನೆಯೊಳಗೆ ಬಳಸಬಹುದು" ಅಂತ ಬರೆದಿರುವ ಪ್ರೊಪೇನ್ ಹೀಟರಿನಲ್ಲಿ ಆಮ್ಲಜನಕ ಕಡಿಮೆಯಾದರೆ ಆರಿಹೋಗುವ ಸೆನ್ಸರ್ ಇರುತ್ತದೆ, ಆದರೆ ಅದು ಮಾನಾಕ್ಸೈಡ್ ಹಿಡಿಯುವುದಿಲ್ಲ.

ಉರಿಯುವುದೇ ಬೇಕು ಅಂದರೆ ಹೊಗೆಕೊಳವೆ ಹೊರಗೆ ಹೋಗುವಂಥದ್ದು ತಗೋ. ಕಾರ್ಬನ್ ಮಾನಾಕ್ಸೈಡ್ ಹಿಡಿಯುವ ಬ್ಯಾಟರಿಯ ಅಲಾರ್ಮ್ ಎರಡು ತಗೋ, ಒಂದು ಕೆಲಸದ ಕೋಣೆಗೆ, ಇನ್ನೊಂದು ಮಲಗುವ ಕಡೆ. ಉರಿ ಹಾಕಿ ನಿದ್ದೆ ಮಾಡಬೇಡ. ನೆಲಕ್ಕೆ ಎಣ್ಣೆ ವಾರ್ನಿಶ್ ಹೊಡೆಯುವ ದಿನ ಯಾವ ಉರಿಯೂ, ಕೆಂಪಗೆ ಕಾಯುವ ಯಾವ ಕಾಯಿಲೂ ಇರಬಾರದು.

ವಾರದ ಮಧ್ಯೆ ನೀನು ಅಲ್ಲಿ ಇರುವುದಿಲ್ಲ. ಪೈಪುಗಳಲ್ಲಿ ನೀರು ಇರಬೇಕಾದರೆ ಮನೆ 55 ಡಿಗ್ರಿ ಫ್ಯಾರನ್‌ಹೀಟಿನ ಕೆಳಗೆ ಇಳಿಯಬಾರದು, ಒಂದೆರಡು ಪುಟ್ಟ ಹೀಟರ್ ನಂಬಿ ಜನವರಿಯಲ್ಲಿ ಅದು ಆಗುವುದಿಲ್ಲ. ನೀರು ಹೆಪ್ಪುಗಟ್ಟಿದರೆ ನೂರಕ್ಕೆ 9ರಷ್ಟು ಹಿಗ್ಗುತ್ತದೆ, ಪೈಪು ಸೀಳುತ್ತದೆ. ಆದ್ದರಿಂದ ಮುಖ್ಯ ವಾಲ್ವ್ ಮುಚ್ಚಿ ನೀರು ಪೂರ್ತಿ ಬಸಿದುಬಿಡು, ಸಿಂಕಿನ, ಕಮೋಡಿನ ಕೆಳಗೆ ನೀರು ನಿಲ್ಲುವ ಬಾಗಿನಲ್ಲಿ ಆರ್‌ವಿಗೆ, ಅಂದರೆ ಮನೆಯಂಥ ಪ್ರವಾಸಿ ಗಾಡಿಗೆ, ಹಾಕುವ ಗುಲಾಬಿ ಆಂಟಿಫ್ರೀಜ್ ಸುರಿ. ಕುಡಿಯುವ ನೀರು ಕ್ಯಾನಿನಲ್ಲಿ ಒಯ್ದರಾಯಿತು. ಚಳಿಗಾಲದಲ್ಲಿ ಖಾಲಿ ಮನೆಯ ಬಗ್ಗೆ ವಿಮೆ ಪತ್ರದಲ್ಲಿ ಏನಿದೆ ಅಂತಲೂ ಓದು.

ಡ್ರೈವಾಲ್ ಸಂದಿಗೆ ಬಳಿಯುವ ಮಡ್, ಟೈಲ್ ಗಾರೆ, ಬಣ್ಣ ಇವಕ್ಕೆಲ್ಲ ಸಾಮಾನ್ಯವಾಗಿ 50 ಡಿಗ್ರಿ ಫ್ಯಾರನ್‌ಹೀಟ್ ಆದರೂ ಬೇಕು, ಅದೂ ಗಾಳಿಯದಲ್ಲ, ಗೋಡೆಯದು. ಒಣಗುವವರೆಗೂ ಅಷ್ಟೇ ಇರಬೇಕು. ಡಬ್ಬಿಗಳನ್ನು ವಾರವಿಡೀ ಅಲ್ಲಿ ಬಿಡಬೇಡ, ನಿನ್ನ ಅಪಾರ್ಟ್‌ಮೆಂಟಿಗೆ ತಂದಿಡು. ಈ ಚಳಿಗಾಲ ಕೆಡಹುವ ಕೆಲಸ, ವೈರಿಂಗ್, ಮರದ ಕೆಲಸ ಮಾಡು, ಒದ್ದೆ ಕೆಲಸ ಬಾಯ್ಲರ್ ಬಂದ ಮೇಲೆ ಇಟ್ಟುಕೋ.

ಈ ಶನಿವಾರ ಹೋದಾಗ ಪ್ಯಾನಲ್ ಬಾಗಿಲು ತೆಗೆದು ಬ್ರೇಕರುಗಳದ್ದೂ, ಬೇಸ್‌ಮೆಂಟಿನ ತೊಲೆಗಳದ್ದೂ ಫೋಟೋ ಕಳಿಸು. ನಾನು ನೋಡಿ ಫೋನ್ ಮಾಡುವವರೆಗೆ ಏನೂ ಚುಚ್ಚಬೇಡ.

ನಿನ್ನ ಸೋದರಮಾವ