ಕಾವ್ಯವನಕ್ಕೆ ಮೊದಲು ಬಿಸಿಲು ಅಳೆಯಿರಿ

ಮಾನ್ಯರೇ,

ಶಾಲೆ, ಗ್ರಂಥಾಲಯಗಳ ಮೂಲೆಯಲ್ಲಿ ‘ಕಾವ್ಯವನ’ (ಕಾವ್ಯದಲ್ಲಿ ಬರುವ ಗಿಡಗಳನ್ನು ನೆಟ್ಟು, ಜತೆಗೆ ಆ ಪದ್ಯದ ಫಲಕ ನಿಲ್ಲಿಸುವ ಕೈತೋಟ) ಮಾಡುವವರು ಮೊದಲು ಪದ್ಯ ಹುಡುಕುತ್ತಾರೆ, ಆಮೇಲೆ ಗಿಡ. ಬಿಸಿಲು ಎಷ್ಟು ಗಂಟೆ ಬೀಳುತ್ತದೆಂದು ನೋಡುವವರೇ ಇಲ್ಲ. ಅರೆನೆರಳಿನಲ್ಲಿ ತಾವರೆ ಎಲೆ ಬಿಟ್ಟೀತು, ಹೂ ಬಿಡದು. ಅದಕ್ಕೆ ದಿನಕ್ಕೆ 6 ಗಂಟೆ ನೇರ ಬಿಸಿಲು ಬೇಕು. ಕೇದಗೆಯಂತೂ ಸಣ್ಣ ಪಾತಿಯನ್ನೇ ನುಂಗಿ, ಮುಳ್ಳಿನ ಎಲೆಗಳನ್ನು ದಾರಿಗೆ ಚಾಚುತ್ತದೆ.

8 ಅಡಿ ಉದ್ದ, 4 ಅಡಿ ಅಗಲದ ಪಾತಿಯ ಹಿಂಬದಿಗೆ 2 ಗೋರಂಟೆ ಸಾಕು, ನಡುವೆ 3 ಅಡಿ ಅಂತರ. ಕಾಳಿದಾಸನ ‘ಮೇಘದೂತ’ದಲ್ಲಿ ಕುಬೇರನ ನಗರಿ ಅಲಕೆಯ ಹೆಂಗಳೆಯರು ಮುಡಿಯುವ ಕುರವಕ ಹೂ ಇದೇ ಎನ್ನುತ್ತಾರೆ. ಹೂ ಮುಗಿದ ಕೂಡಲೇ ಮೂರನೇ ಒಂದು ಭಾಗ ಕತ್ತರಿಸದಿದ್ದರೆ ಬುಡ ಬೋಳಾಗುತ್ತದೆ. ಬೆಳಗಿನ ಬಿಸಿಲು 4 ಗಂಟೆಯಾದರೂ ಬೀಳುವ ತುದಿಯನ್ನು ದುಂಡುಮಲ್ಲಿಗೆಗೆ ಬಿಡಿ. ಎಲೆ ಸೊಂಪಾಗಿದ್ದು ಮೊಗ್ಗಿಲ್ಲವೆಂದರೆ ನೆರಳು ಹೆಚ್ಚಾಯಿತು, ಇಲ್ಲವೇ ಯೂರಿಯಾ. ಮುಂದಿನ ಅಂಚಿಗೆ ಗೇಣಿಗೊಂದರಂತೆ ಒಂದೆಲಗ. ಗರಿಕೆ ಬೇಡ, ನೆರಳಲ್ಲಿ ಸೊರಗುತ್ತದೆ.

ಮರದ ಕೆಳಗಿನ ಪಾತಿಯಾದರೆ ಬೇರು ಕಡಿಯುವಷ್ಟು ಅಗೆಯಬೇಡಿ. 2 ಇಂಚು ಕಾಂಪೋಸ್ಟ್ ಹರಡಿ, ಗಿಡದ ಬುಡಕ್ಕೆ ತಾಗದಂತೆ ತರಗೆಲೆ ಮುಚ್ಚಿ. ಪದ್ಯದ ಫಲಕವನ್ನು ಗಿಡ ಬೆಳೆದ ಮೇಲೆ ನಿಲ್ಲಿಸಿ. ಈಗಲೇ ನಿಲ್ಲಿಸಿದರೆ ಗೋರಂಟೆಯೊಳಗೆ ಪದ್ಯ ಮಾಯ!

– ಕೈತೋಟಾಸಕ್ತ ಓದುಗರು