ಅಪ್ಪನಿಗೆ ಹೇಳದೆ ಆಗುವ ಕೆಲಸ ಅಲ್ಲ ಇದು

ಅಣ್ಣಾ,

ನಿನ್ನ ವಾಯ್ಸ್ ಮೆಸೇಜ್ ಮೂರು ಸಲ ಕೇಳಿದೆ. ಫೋನಲ್ಲೇ ಉತ್ತರ ಹೇಳೋಣ ಅಂದರೆ ಐದನೇ ನಿಮಿಷಕ್ಕೆ ನಾವಿಬ್ಬರೂ ಜಗಳಕ್ಕೆ ಇಳಿಯುತ್ತೇವೆ, ಅತ್ತಿಗೆ ಫೋನ್ ಕಿತ್ತುಕೊಳ್ಳಬೇಕಾಗುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ. ಪೂರ್ತಿ ಓದು, ಆಮೇಲೆ ಬೈಯಿ.

ನೀನು ಕೇಳಿದ್ದು ಎರಡು. ಏಳು ನಿಮಿಷದಲ್ಲಿ ಕೊಡುವ ಕ್ಯಾನ್ಸರ್ ಇಂಜೆಕ್ಷನ್ ನಿಜಾನಾ, ಅಂಥದ್ದರ ಟ್ರಯಲ್‌ಗೆ, ಅಂದರೆ ಔಷಧಿಯನ್ನು ಜನರಿಗೆ ಕೊಟ್ಟು ನೋಡುವ ಪರೀಕ್ಷೆಗೆ, ಅಪ್ಪನನ್ನು ಸೇರಿಸಬಹುದಾ ಅನ್ನೋದು ಒಂದು. ಅಪ್ಪನಿಗೆ ತನ್ನ ಕಾಯಿಲೆ ಶ್ವಾಸಕೋಶದ ಕ್ಯಾನ್ಸರ್ ಅಂತ ಗೊತ್ತಾಗದ ಹಾಗೆ ಸೇರಿಸಬಹುದಾ ಅನ್ನೋದು ಇನ್ನೊಂದು. ಎರಡನೆಯದಕ್ಕೆ ಈಗಲೇ ಹೇಳಿಬಿಡುತ್ತೇನೆ, ಆಗುವುದಿಲ್ಲ. ಯಾಕೆ ಅಂತ ಕೊನೆಗೆ ಬರುತ್ತೇನೆ. ಮೊದಲು ಇಂಜೆಕ್ಷನ್ ವಿಷಯ.

ಅದು ನಿಜ. ಇಲ್ಲಿ ನಮ್ಮ ಆಸ್ಪತ್ರೆಯಲ್ಲಿ ನಾನೇ ಕೊಡುತ್ತೇನೆ. ಔಷಧಿ ಹೆಸರು ಅಟೆಜೊಲಿಜುಮ್ಯಾಬ್. ಹಳೆಯದೇ, 2016ರಿಂದ ಡ್ರಿಪ್‌ನಲ್ಲಿ ಕೊಡುತ್ತಿರುವುದು. ಅದನ್ನೇ ತೊಡೆಯ ಚರ್ಮದ ಕೆಳಗೆ ಚುಚ್ಚಬಹುದು ಅಂತ ಬ್ರಿಟನ್ 2023ರ ಆಗಸ್ಟ್‌ನಲ್ಲಿ ಒಪ್ಪಿತು, ಅಮೆರಿಕ 2024ರ ಸೆಪ್ಟೆಂಬರ್‌ನಲ್ಲಿ ಒಪ್ಪಿತು. ಡ್ರಿಪ್ ಆದರೆ ಅರ್ಧ ಗಂಟೆಯಿಂದ ಒಂದು ಗಂಟೆ. ಇದಕ್ಕೆ ಸುಮಾರು ಏಳು ನಿಮಿಷ. ಸಾಮಾನ್ಯವಾಗಿ ಚರ್ಮದ ಕೆಳಗೆ ಒಂದೆರಡು ಎಂಎಲ್‌ಗಿಂತ ಜಾಸ್ತಿ ತಳ್ಳಿದರೆ ಊದಿಕೊಂಡು ನೋಯುತ್ತದೆ, ಇದು 15 ಎಂಎಲ್. ಹಾಗಾಗಿ ಜೊತೆಗೆ ಹಯಲುರೊನಿಡೇಸ್ ಅನ್ನೋ ಕಿಣ್ವ ಸೇರಿಸಿರುತ್ತಾರೆ. ಚರ್ಮದ ಕೆಳಗಿರುವ ಅಂಟು ಬಲೆಯನ್ನು ಅದು ಸ್ವಲ್ಪ ಹೊತ್ತು ಸಡಿಲ ಮಾಡುತ್ತದೆ, ಔಷಧಿ ಹರಡಿಕೊಂಡು ರಕ್ತಕ್ಕೆ ಸೇರುತ್ತದೆ, ಬಲೆಯನ್ನು ದೇಹ ಮತ್ತೆ ಹೆಣೆದುಕೊಳ್ಳುತ್ತದೆ. ಅಷ್ಟೇ ಉಪಾಯ. ಆ ಏಳು ನಿಮಿಷವೂ ನಾನು ಸ್ಟೂಲಿನ ಮೇಲೆ ಕೂತು ಸಿರಿಂಜ್ ನಿಧಾನವಾಗಿ ಒತ್ತುತ್ತಿರಬೇಕು. ಸಂಜೆ ಹೊತ್ತಿಗೆ ಹೆಬ್ಬೆರಳು ನನ್ನದಲ್ಲ ಅನ್ನಿಸುತ್ತದೆ. ಡ್ರಿಪ್ ಹಾಕಿ ಪಕ್ಕದ ಹಾಸಿಗೆಗೆ ಓಡುತ್ತಿದ್ದವಳು ಈಗ ಒಬ್ಬರ ಜೊತೆ ಏಳು ನಿಮಿಷ ಮಾತಾಡಲೇಬೇಕು. ಅದು ನನಗೆ ಇಷ್ಟ. ಇನ್ನೊಂದು ಮಾತು, ಇಂಜೆಕ್ಷನ್ ಮಾತ್ರ ಏಳು ನಿಮಿಷ. ಅದಕ್ಕೆ ಮುಂಚೆ ರಕ್ತ ಪರೀಕ್ಷೆ, ಅದರ ರಿಪೋರ್ಟಿಗೆ ಕಾಯೋದು, ಡಾಕ್ಟರನ್ನು ನೋಡೋದು, ಇವೆಲ್ಲ ಹಾಗೇ ಇವೆ. ಫಾರ್ವರ್ಡ್ ಮೆಸೇಜಿನಲ್ಲಿ ಅದನ್ನು ಯಾರೂ ಬರೆಯಲ್ಲ.

ಈಗ ನೀನು ತಪ್ಪು ತಿಳಿದಿರುವ ಜಾಗಕ್ಕೆ ಬರುತ್ತೇನೆ. ಆ ಇಂಜೆಕ್ಷನ್ನಿನ ಟ್ರಯಲ್‌ನಲ್ಲಿ 371 ಜನ ಇದ್ದರು, ಎಲ್ಲರಿಗೂ ಅಪ್ಪನ ಹಾಗೇ ಮುಂದುವರಿದ ಶ್ವಾಸಕೋಶದ ಕ್ಯಾನ್ಸರ್. ಮೂವರಲ್ಲಿ ಇಬ್ಬರಿಗೆ ಇಂಜೆಕ್ಷನ್, ಒಬ್ಬರಿಗೆ ಡ್ರಿಪ್. ಇದು ಕ್ಯಾನ್ಸರನ್ನು ಇನ್ನೂ ಚೆನ್ನಾಗಿ ವಾಸಿ ಮಾಡುತ್ತಾ ಅಂತ ಅಲ್ಲಿ ಯಾರೂ ಕೇಳಲಿಲ್ಲ. ಚರ್ಮದ ಕೆಳಗೆ ಕೊಟ್ಟರೆ ಡ್ರಿಪ್‌ನಷ್ಟೇ ಔಷಧಿ ರಕ್ತಕ್ಕೆ ಮುಟ್ಟುತ್ತಾ ಅಂತ ಕೇಳಿದರು. ಮುಟ್ಟುತ್ತದೆ ಅಂತ ಗೊತ್ತಾಯಿತು. ನಿವೊಲುಮ್ಯಾಬ್ ಅನ್ನೋ ಇನ್ನೊಂದನ್ನೂ ಕಿಡ್ನಿ ಕ್ಯಾನ್ಸರ್ ಇದ್ದ 495 ಜನರಲ್ಲಿ ಹೀಗೇ ನೋಡಿದರು, ಅದಕ್ಕೆ ಮೂರರಿಂದ ಐದು ನಿಮಿಷ, 2024ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. 2025ರ ಸೆಪ್ಟೆಂಬರ್‌ನಲ್ಲಿ ಪೆಂಬ್ರೊಲಿಜುಮ್ಯಾಬ್‌ಗೂ ಸಿಕ್ಕಿತು, ಅದಂತೂ ಒಂದೆರಡು ನಿಮಿಷ. ಅಂದರೆ ಡ್ರಿಪ್‌ನಲ್ಲಿ ಯಾರಿಗೆ ಕೆಲಸ ಮಾಡುತ್ತದೋ ಅವರಿಗೇ ಇಂಜೆಕ್ಷನ್ನಿನಲ್ಲೂ ಕೆಲಸ ಮಾಡುತ್ತದೆ, ಬೇರೆ ಪವಾಡ ಏನಿಲ್ಲ. ಹಾಗಾಗಿ ಅಲ್ಲಿನ ಆಸ್ಪತ್ರೆಯವರು ನಿನಗೆ "ಇಂಜೆಕ್ಷನ್ ಟ್ರಯಲ್ ಇದೆ" ಅಂದಾಗ ನೀನು ಮೊದಲು ಕೇಳಬೇಕಿದ್ದದ್ದು ಇದು: ಈ ಟ್ರಯಲ್‌ನಲ್ಲಿ ಏನನ್ನು ಕಂಡುಹಿಡಿಯೋಕೆ ಹೊರಟಿದ್ದೀರಿ?

ಈ ಔಷಧಿಗಳೆಲ್ಲ ಇಮ್ಯುನೊಥೆರಪಿ. ಅಂದರೆ ಕೀಮೊ ಥರ ಕ್ಯಾನ್ಸರ್ ಕೋಶವನ್ನು ನೇರ ಕೊಲ್ಲುವ ವಿಷ ಅಲ್ಲ. ನಮ್ಮ ರಕ್ತದಲ್ಲೇ ಕಾವಲಿಗೆ ಟಿ ಕೋಶ ಅಂತ ಇವೆ, ಅವು ಹದ್ದು ಮೀರದಿರಲಿ ಅಂತ ಅವುಗಳಿಗೆ ಬ್ರೇಕೂ ಇದೆ. ಗಡ್ಡೆ ಆ ಬ್ರೇಕನ್ನೇ ಒತ್ತಿ ಹಿಡಿದು ಬದುಕಿಕೊಳ್ಳುತ್ತದೆ. ಈ ಔಷಧಿಗಳು ಬ್ರೇಕಿನ ಮೇಲಿಂದ ಅದರ ಕಾಲು ತೆಗೆಸುತ್ತವೆ. ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂದಿದ್ದು ಈ ಬ್ರೇಕುಗಳ ಮೇಲಿನ ಕೆಲಸಕ್ಕೇ.

ನೀನು ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಕಥೆ ಹೇಳಿದೆ. ಸುಳ್ಳಲ್ಲ. 2015ರ ಆಗಸ್ಟ್‌ನಲ್ಲಿ, 90 ವಯಸ್ಸಿಗೆ, ಮೆಲನೋಮ ಅನ್ನೋ ಕ್ಯಾನ್ಸರ್ ಮೆದುಳಿಗೆ ಹರಡಿದೆ ಅಂದರು, ಡಿಸೆಂಬರ್ ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ, ಅವರು ತೀರಿಕೊಂಡಿದ್ದು 2024ರ ಕೊನೆಗೆ, 100 ತುಂಬಿದ ಮೇಲೆ. ಆದರೆ ಅವರಿಗೆ ಪೆಂಬ್ರೊಲಿಜುಮ್ಯಾಬ್ ಜೊತೆ ಆಪರೇಷನ್ನೂ ರೇಡಿಯೇಷನ್ನೂ ಆಗಿತ್ತು. ಮತ್ತೆ ಮೆಲನೋಮ ಈ ಔಷಧಿಗಳಿಗೆ ಬೇರೆಯದಕ್ಕಿಂತ ಚೆನ್ನಾಗಿ ಬಗ್ಗುವ ಜಾತಿ. ಅಪ್ಪನದು ಶ್ವಾಸಕೋಶ. ಅಲ್ಲಿ ಲೆಕ್ಕ ಬೇರೆ. ಪಿಡಿ-ಎಲ್1 ಅನ್ನೋ ಗುರುತು ಗಡ್ಡೆಯ ಕನಿಷ್ಠ ಅರ್ಧದಷ್ಟು ಕೋಶಗಳಲ್ಲಿ ಇದ್ದ, ಕ್ಯಾನ್ಸರ್ ನಾಲ್ಕನೇ ಹಂತ ಮುಟ್ಟಿದ್ದ ರೋಗಿಗಳನ್ನೇ ಆರಿಸಿ ಮಾಡಿದ ಟ್ರಯಲ್ ಒಂದಿದೆ. ಐದು ವರ್ಷ ಆದ ಮೇಲೆ ಪೆಂಬ್ರೊಲಿಜುಮ್ಯಾಬ್ ಗುಂಪಿನಲ್ಲಿ 100ಕ್ಕೆ ಸುಮಾರು 32 ಜನ ಇದ್ದರು, ಕೀಮೊ ಗುಂಪಿನಲ್ಲಿ 16. ಎರಡರಷ್ಟು! ಇಲ್ಲಿ ಹಳೇ ಡಾಕ್ಟರುಗಳು ಆ ಅಂಕಿ ಹೇಳುವಾಗ ಈಗಲೂ ಮುಖ ಅರಳುತ್ತದೆ. ಆದರೆ ಉಳಿದ 68 ಜನರೂ ಆ 100ರಲ್ಲೇ ಇದ್ದರು ಅಣ್ಣಾ, ಅದನ್ನು ನಾನು ದಿನಾ ನೋಡುತ್ತೇನೆ. ಇನ್ನು ಇಜಿಎಫ್ಆರ್, ಎಎಲ್‌ಕೆ ಅಂತ ಜೀನ್ ಬದಲಾವಣೆ ಇದ್ದರೆ ಸಾಮಾನ್ಯವಾಗಿ ಇಮ್ಯುನೊಥೆರಪಿಗಿಂತ ಮೊದಲು ಅದಕ್ಕೇ ಅಂತ ಇರುವ ಮಾತ್ರೆಗಳನ್ನೇ ಕೊಡುತ್ತಾರೆ. ಅಪ್ಪನ ಫೈಲಿನಲ್ಲಿ ಈ ಮೂರರ ರಿಪೋರ್ಟ್ ಇದೆಯಾ? ಇಲ್ಲದಿದ್ದರೆ ಟ್ರಯಲ್ ಮಾತು ಬದಿಗಿಡು, ಮೊದಲು ಅದನ್ನು ಮಾಡಿಸು.

ಗಡ್ಡೆಗೇ ನೇರ ಚುಚ್ಚುವ ಇಂಜೆಕ್ಷನ್ ಬಗ್ಗೆಯೂ ಕೇಳಿದೆ. ಇದು ಬೇರೆಯೇ ಕಥೆ, ನನಗೆ ತುಂಬ ಇಷ್ಟದ್ದೂ ಹೌದು. 1891ರಲ್ಲಿ ನ್ಯೂಯಾರ್ಕಿನ ವಿಲಿಯಂ ಕೋಲಿ ಅನ್ನೋ ಸರ್ಜನ್ ಗಡ್ಡೆಗೆ ಬ್ಯಾಕ್ಟೀರಿಯಾ ಚುಚ್ಚಿ ನೋಡಿದ್ದರು! ಸೋಂಕು ಬಂದರೆ ಕಾವಲಿನವು ಎದ್ದು ಓಡಿಬರುತ್ತವೆ, ಬಂದಾಗ ಗಡ್ಡೆಯನ್ನೂ ನೋಡಿಕೊಳ್ಳಲಿ ಅಂತ. 2015ರಲ್ಲಿ ಅಮೆರಿಕದಲ್ಲಿ ಟಿ-ವೆಕ್ ಅನ್ನೋದಕ್ಕೆ ಒಪ್ಪಿಗೆ ಸಿಕ್ಕಿತು. ಹರ್ಪಿಸ್ ವೈರಸ್ಸನ್ನು ಪಳಗಿಸಿ ಮೆಲನೋಮ ಗಡ್ಡೆಯೊಳಗೆ ಚುಚ್ಚುವುದು ಅದು. 436 ಜನರ ಟ್ರಯಲ್‌ನಲ್ಲಿ ಗಡ್ಡೆ ಕುಗ್ಗಿ ಆರು ತಿಂಗಳಾದರೂ ಹಾಗೇ ಇದ್ದವರು ಈ ಗುಂಪಿನಲ್ಲಿ ನೂರಕ್ಕೆ 16, ಹೋಲಿಕೆಯ ಗುಂಪಿನಲ್ಲಿ 2. ಇದನ್ನು ಪೆಂಬ್ರೊಲಿಜುಮ್ಯಾಬ್ ಜೊತೆ ಸೇರಿಸಿದರೆ ಇನ್ನೂ ಚೆನ್ನಾಗಿರುತ್ತದೆ ಅಂತ ಎಲ್ಲರೂ ನಂಬಿದ್ದರು. 692 ಜನರಲ್ಲಿ ನೋಡಿದಾಗ ಹೇಳಿಕೊಳ್ಳುವಂಥ ಲಾಭ ಸಿಗಲಿಲ್ಲ. ಟಿಲ್ಸೊಟೊಲಿಮೋಡ್ ಅನ್ನೋ ಇನ್ನೊಂದು ಇಂಜೆಕ್ಷನ್ ಟ್ರಯಲ್‌ನ ಎರಡನೇ ಹಂತದಲ್ಲಿ ಆಸೆ ಹುಟ್ಟಿಸಿತು. ಮೂರನೇ ಹಂತದಲ್ಲಿ 481 ಜನ, ಇಂಜೆಕ್ಷನ್ ಪಡೆದವರಲ್ಲೂ ಪಡೆಯದವರಲ್ಲೂ ಗಡ್ಡೆ ಕುಗ್ಗಿದ್ದು ನೂರಕ್ಕೆ ಸುಮಾರು 9 ಜನರಿಗೆ. ನಿನ್ನ ಉತ್ಸಾಹಕ್ಕೆ ತಣ್ಣೀರು ಎರಚೋಕೆ ಇದನ್ನು ಬರೆಯುತ್ತಿಲ್ಲ. ಟ್ರಯಲ್‌ನಲ್ಲಿ ಸಿಗುವ ಔಷಧಿ ಈಗಿರುವುದಕ್ಕಿಂತ ಒಳ್ಳೇದು ಅಂತ ಗೊತ್ತಿದ್ದಿದ್ದರೆ ಟ್ರಯಲ್ ಮಾಡುವ ಅಗತ್ಯವೇ ಇರಲಿಲ್ಲ, ಅಲ್ವಾ?

ಟ್ರಯಲ್‌ನ ಹಂತದ ವಿಷಯ ನೀನು ಕೇಳಿಲ್ಲ, ಕೇಳಬೇಕು. ಒಂದನೇ ಹಂತದಲ್ಲಿ ನೋಡುವುದು ಮುಖ್ಯವಾಗಿ ಎಷ್ಟು ಕೊಟ್ಟರೆ ದೇಹ ತಡೆದುಕೊಳ್ಳುತ್ತದೆ ಅಂತ. 2006ರಲ್ಲಿ ಲಂಡನ್ನಿನಲ್ಲಿ ಟಿಜಿಎನ್1412 ಅನ್ನೋ ಹೊಸ ಔಷಧಿಯನ್ನು ಮೊದಲ ಸಲ ಮನುಷ್ಯರಿಗೆ ಕೊಟ್ಟಾಗ, ಆರೋಗ್ಯವಾಗಿದ್ದ ಆರು ಜನ ಇಪ್ಪತ್ನಾಲ್ಕು ಗಂಟೆಯೊಳಗೆ ಐಸಿಯು ಸೇರಿದರು, ಪುಣ್ಯಕ್ಕೆ ಆರೂ ಜನ ಉಳಿದರು. ಆರು ಜನಕ್ಕೂ ಕೆಲವೇ ನಿಮಿಷಗಳ ಅಂತರದಲ್ಲಿ ಒಬ್ಬರ ಹಿಂದೆ ಒಬ್ಬರಿಗೆ ಕೊಟ್ಟುಬಿಟ್ಟಿದ್ದರು. ಅದಾದ ಮೇಲೆ ಮೊದಲು ಒಬ್ಬರಿಗೆ ಕೊಟ್ಟು, ಕಾದು ನೋಡಿ, ಆಮೇಲೆ ಮುಂದಿನವರಿಗೆ ಅನ್ನೋದು ಪದ್ಧತಿ ಆಯಿತು. ಮೂರನೇ ಹಂತದಲ್ಲಿ ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ಗುಂಪು ಆರಿಸುತ್ತದೆ, ಶಿಫಾರಸು ನಡೆಯಲ್ಲ. "ಬರೀ ನೀರು ಕೊಟ್ಟು ಸಾಯಿಸುತ್ತಾರಾ" ಅಂದೆಯಲ್ಲ, ಇಲ್ಲ. ಒಳ್ಳೆ ಚಿಕಿತ್ಸೆ ಇರುವ ಕಾಯಿಲೆಯಲ್ಲಿ ಹೋಲಿಕೆಯ ಗುಂಪಿಗೂ ಆ ಚಿಕಿತ್ಸೆ ಕೊಟ್ಟೇ ಕೊಡುತ್ತಾರೆ, ಪ್ಲಸೀಬೊ, ಅಂದರೆ ಔಷಧಿ ಇಲ್ಲದ ತೋರಿಕೆಯ ಡೋಸ್, ಇದ್ದರೆ ಅದರ ಮೇಲೆ ಹೆಚ್ಚುವರಿ. ಹಾಂ, ಅಪ್ಪ ಮಂಡಿನೋವಿಗೆ ಸ್ಟೀರಾಯ್ಡ್ ಮಾತ್ರೆ ತಗೋತಾರಾ ನೋಡು. ಪ್ರೆಡ್ನಿಸೊಲೋನ್ ದಿನಕ್ಕೆ 10 ಎಂಜಿಗಿಂತ ಜಾಸ್ತಿ ಇದ್ದರೆ ಇಂಥ ಎಷ್ಟೋ ಟ್ರಯಲ್‌ಗಳಲ್ಲಿ ಬಾಗಿಲಲ್ಲೇ ವಾಪಸ್ ಕಳಿಸುತ್ತಾರೆ.

ಈಗ ಎರಡನೇ ಪ್ರಶ್ನೆ.

ಬ್ರೇಕ್ ತೆಗೆಸುತ್ತೇವೆ ಅಂದೆನಲ್ಲ, ಕೆಲವರಲ್ಲಿ ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಆಗುತ್ತದೆ. ಕಾವಲಿನ ಕೋಶಗಳು ದೊಡ್ಡ ಕರುಳು, ಥೈರಾಯ್ಡ್, ಲಿವರ್, ಶ್ವಾಸಕೋಶ, ಅಪರೂಪಕ್ಕೆ ಹೃದಯದ ಮೇಲೂ ಬೀಳುತ್ತವೆ. ಮೊದಲ ವಾರವೂ ಆಗಬಹುದು, ಎಷ್ಟೋ ತಿಂಗಳ ಮೇಲೂ ಆಗಬಹುದು. ಬೇಗ ಹಿಡಿದರೆ ಔಷಧಿ ನಿಲ್ಲಿಸಿ ಸ್ಟೀರಾಯ್ಡ್ ಕೊಟ್ಟು ಹತೋಟಿಗೆ ತರಬಹುದು, ತಡವಾದರೆ ಜೀವಕ್ಕೆ ಕುತ್ತು. ಹಿಡಿಯುವವರು ಯಾರು? ನಾನಲ್ಲ, ಸ್ಕ್ಯಾನೂ ಅಲ್ಲ, ರೋಗಿಯೇ. ಎರಡು ದಿನದಿಂದ ಭೇದಿ, ಮೆಟ್ಟಿಲು ಹತ್ತುವಾಗ ಹೊಸದಾಗಿ ಉಬ್ಬಸ ಅಂತ ಅವರೇ ಫೋನ್ ಮಾಡಬೇಕು. ಕಫಕ್ಕೆ ಔಷಧಿ ಕೊಡುತ್ತಿದ್ದಾರೆ ಅಂತ ನಂಬಿರುವ ಮನುಷ್ಯ ಭೇದಿಗೆ ಯಾಕೆ ಫೋನ್ ಮಾಡುತ್ತಾರೆ ಹೇಳು.

ಸಹಿಯ ವಿಷಯವೂ ಅಷ್ಟೇ. ಒಪ್ಪಿಗೆ ಪತ್ರದ ಮೊದಲ ಪುಟದಲ್ಲೇ ಕಾಯಿಲೆ ಹೆಸರು ಇರುತ್ತದೆ. ತಿಳಿವಳಿಕೆ ಸರಿ ಇರುವ ದೊಡ್ಡವರ ಬದಲು ಮಗ ಸಹಿ ಹಾಕೋ ಹಾಗಿಲ್ಲ. ಹಿಂದೊಮ್ಮೆ ಇಲ್ಲಿ ಒಬ್ಬ ಅಜ್ಜಿಯ ಜೊತೆ ಮಗಳು ಬಂದಿದ್ದಳು. ಡಾಕ್ಟರ್ ಏನು ಕೇಳಿದರೂ ಮಗಳೇ ಉತ್ತರ, ಅಜ್ಜಿ ಸುಮ್ನೆ ತಲೆ ಆಡಿಸೋರು. ಡಾಕ್ಟರ್ ಮಗಳನ್ನು ಹೊರಗೆ ಕೂರಿಸಿ, ಈಗ ನಾನು ಹೇಳಿದ್ದನ್ನು ನಿಮ್ಮ ಮಾತಲ್ಲಿ ಹೇಳಿ ಅಂದರು. ಅಜ್ಜಿ ಗಡ್ಡೆ ಎಲ್ಲೆಲ್ಲಿದೆ ಅನ್ನೋದರಿಂದ ಹಿಡಿದು ಎಲ್ಲ ಸರಿಯಾಗಿ ಹೇಳಿದರು. ಆಮೇಲೆ, ನನಗೆ ಇದು ಬೇಡ, ಮಗಳಿಗೆ ನೀವೇ ಹೇಳಿ ಅಂದರು. ಮಗಳಿಗೆ ಹೇಳಿದ್ದು ನಾನು. ಅವಳು ನನ್ನ ಮೇಲೆ ಕೂಗಾಡಿದಳು, ನಿನ್ನ ಧ್ವನಿಯಲ್ಲೇ.

ನಿನಗೊಂದು ಹೇಳಬೇಕು. ಹೋದ ತಿಂಗಳು ಅಪ್ಪ ಒಬ್ಬರೇ ಇದ್ದಾಗ ಫೋನ್ ಮಾಡಿದ್ದರು. ಡ್ರಿಪ್ ಬಾಟಲಿಯ ಮೇಲಿನ ಹೆಸರನ್ನು ಒಂದೊಂದೇ ಅಕ್ಷರ ಓದಿ ಹೇಳಿ, ಇದು ಏನಮ್ಮಾ ಅಂದರು. ಕಾರ್ಬೊಪ್ಲಾಟಿನ್, ಕೀಮೊ ಔಷಧಿ. ನಾನು ಆಂಟಿಬಯೋಟಿಕ್ ಅಂದೆ. ಅವರು "ಹೌದಾ, ಸರಿ" ಅಂದರು, ಮತ್ತೆ ಏನೂ ಕೇಳಲಿಲ್ಲ. ಇಲ್ಲಿ ದಿನಾ ಬೇರೆಯವರ ಅಪ್ಪಂದಿರಿಗೆ ಎದುರು ಕೂತು ನಿಜ ಹೇಳುವವಳು ನಾನು. ಆವತ್ತಿಂದ ಸರಿಯಾಗಿ ನಿದ್ದೆ ಬಂದಿಲ್ಲ.

ಭಾನುವಾರ ಬೆಳಿಗ್ಗೆ ನಾನೇ ಫೋನ್ ಮಾಡುತ್ತೇನೆ. ಅಪ್ಪನಿಗೆ ಕೊಡು, ಸ್ಪೀಕರ್ ಹಾಕು, ಅಮ್ಮನೂ ನೀನೂ ಪಕ್ಕದಲ್ಲಿರಿ. ಮೊದಲ ಮಾತು ನಾನು ಆಡುತ್ತೇನೆ, ನೀನು ಹೇಳಬೇಕಾಗಿಲ್ಲ. ಎಷ್ಟು ತಿಳಿಯಬೇಕು ಅಂತ ಅವರನ್ನೇ ಕೇಳುತ್ತೇನೆ, ಅಲ್ಲಿಗೇ ಸಾಕು ಅಂದರೆ ನಿಲ್ಲಿಸುತ್ತೇನೆ. ಟ್ರಯಲ್ ಬೇಕು ಅಂದರೆ ಆ ಒಪ್ಪಿಗೆ ಪತ್ರ ಮನೆಗೆ ತಗೊಂಡು ಬಾ, ಅವತ್ತೇ ಸಹಿ ಹಾಕಿ ಅಂತ ಯಾರೂ ಅವಸರ ಮಾಡುವ ಹಾಗಿಲ್ಲ. ಸೇರಿದ ಮೇಲೂ ಬೇಡ ಅನ್ನಿಸಿದರೆ ಯಾವಾಗ ಬೇಕಾದರೂ ಹೊರಗೆ ಬರಬಹುದು, ಮಾಮೂಲಿ ಚಿಕಿತ್ಸೆಗೆ ತೊಂದರೆ ಇಲ್ಲ.

ಅಷ್ಟರೊಳಗೆ ಬಯಾಪ್ಸಿ ರಿಪೋರ್ಟಿನ ಫೋಟೋ ಕಳಿಸು. ಎಲ್ಲಾ ಪುಟ, ಬೆಳಕಿನಲ್ಲಿ ಇಟ್ಟು. ಹೋದ ಸಲ ಕಳಿಸಿದ್ದರಲ್ಲಿ ಪಿಡಿ-ಎಲ್1 ಅಂಕಿ ಇರಬೇಕಾದ ಕಡೆ ನಿನ್ನ ಹೆಬ್ಬೆರಳು ಇತ್ತು.

ನಿನ್ನ ತಂಗಿ